ಅಲಮೂತ ಕೋಟೆಯ ಪಾಠ

ರೆಹಮಾನ ಸಾಬರ ಕಾಲು ಮುರಿದದ್ದು ಹಿಟ್ನಾಳ ಕ್ರಾಸಿನಲ್ಲಿ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವುದು ಹದಿನಾರನೆಯ ವಯಸ್ಸಿನಿಂದ ಅವರಿಗೆ ಅಂಟಿದ ಚಾಳಿ. ಅರವತ್ತನಾಲ್ಕರಲ್ಲಿ ಅದು ಕೈಕೊಟ್ಟಿತು. ಗಂಗಾವತಿಯ ಎಲುಬಿನ ಡಾಕ್ಟರು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಪ್ಲಾಸ್ಟರು ಸುತ್ತಿ, ಆರು ವಾರ ನೆಲಕ್ಕೆ ಕಾಲೂರಕೂಡದು ಎಂದು ಹೇಳಿ ಕಳಿಸಿದರು. ಮೂವತ್ತೆರಡು ವರ್ಷ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ನಡೆದಾಡಿ, ಗೇಟು ಎತ್ತಿ ಇಳಿಸಿ, ನೀರಿನ ಮಟ್ಟ ಬರೆದುಕೊಂಡು ಬದುಕಿದ ಮನುಷ್ಯನಿಗೆ ಸುಮ್ಮನೆ ಕೂಡುವುದೇ ಒಂದು ಶಿಕ್ಷೆ. ನಾಲ್ಕನೆಯ ದಿನಕ್ಕೆ ಅವರು ಚಹಾದಲ್ಲಿ ಸಕ್ಕರೆ ಹೆಚ್ಚಾಯಿತೆಂದು ಒಮ್ಮೆ, ಕಡಿಮೆಯಾಯಿತೆಂದು ಒಮ್ಮೆ ಜಗಳ ತೆಗೆದರು. ಎರಡೂ ಸಲ ಅದು ಒಂದೇ ಕಪ್ಪಿನ ಚಹಾ.

ಅವರ ಹೆಂಡತಿ ಖುರ್ಷಿದಾ ಊರಿನ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಿ ಹೋದ ವರ್ಷ ನಿವೃತ್ತರಾದವರು. ಗಂಡನನ್ನು ಸಂಭಾಳಿಸುವುದಕ್ಕಿಂತ ಒಂಬತ್ತನೆಯ ತರಗತಿ ಎ ವಿಭಾಗವೇ ಸುಲಭವಿತ್ತು ಎಂದು ಅವರಿಗೆ ಆ ವಾರದಲ್ಲಿ ಅನಿಸಿತು. ಕೊನೆಗೆ ಮಗಳು ಮುಬಾಶಿರಾಳೇ ಒಂದು ದಾರಿ ಕಂಡುಹಿಡಿದಳು. ಅವಳು ಕನಕಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ತನ್ನ ಕೋಣೆಯಲ್ಲಿದ್ದ ಗೇಮ್ ಆಡುವ ಮಶೀನನ್ನು ತಂದು ಹಾಲಿನ ಟೀವಿಗೆ ಜೋಡಿಸಿ, ಅಪ್ಪನ ಕೈಗೆ ಕಂಟ್ರೋಲರ್ ಕೊಟ್ಟು, ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ತೋರಿಸಿ ಬಸ್ಸಿಗೆ ಹೋದಳು.

ಆವತ್ತು ಮಧ್ಯಾಹ್ನ ಖುರ್ಷಿದಾ ಮೆಂತ್ಯೆಪಲ್ಯ ಸೋಸುತ್ತ ಕೂತಿದ್ದಾಗ ಗಂಡ ಉಸಿರು ಬಿಗಿಹಿಡಿದು ಒಂದು ಗೋಡೆ ಹತ್ತಿಸುತ್ತಿದ್ದರು. ಪರದೆಯ ಮೇಲೆ ಮುಸುಕು ಹಾಕಿದ ತರುಣನೊಬ್ಬ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದ. ಮೇಲೆ ಹೋದವನೇ ಕಾವಲುಗಾರನ ಕುತ್ತಿಗೆಗೆ ಚೂರಿ ಹಾಕಿದ.

"ಅಯ್ಯ, ಅಂವಾ ಏನ್ ಮಾಡಿದ್ನಂತ್ರಿ ನಿಮಗ?"

"ಗೊತ್ತಿಲ್ಲ," ಎಂದರು ರೆಹಮಾನ ಸಾಬರು, ಕಣ್ಣು ಕೀಳದೆ. "ಮುಂದ ಹೋಗಾಕ ಬಿಡವಲ್ಲ."

ಮೂರು ದಿನದಲ್ಲಿ ಅವರ ಕೈ ಪಳಗಿತು. ಚಹಾದ ಜಗಳ ನಿಂತದ್ದಕ್ಕೆ ಖುರ್ಷಿದಾ ಒಳಗೊಳಗೇ ಮಗಳಿಗೆ ದುವಾ ಮಾಡಿದರು. ಐದನೆಯ ದಿನ ಗೇಮಿನಲ್ಲಿ ಹೊಸ ಭಾಗ ತೆರೆಯಿತು. ಬೋಳು ಬೆಟ್ಟಗಳ ನಡುವೆ ಬಂಡೆಯ ತುದಿಗೆ ಒಂದು ಕೋಟೆ. ಒಳಗೆ ಬಿಳಿ ಗಡ್ಡದ ಮುದುಕ. ಅವನ ಸುತ್ತ ಹೊಗೆ ಸೇದುತ್ತ ಕಣ್ಣು ಮೇಲಾಗಿ ಕೂತ ತರುಣರು. ಮುದುಕ ಅವರನ್ನು ಒಂದು ತೋಟಕ್ಕೆ ಕರೆದೊಯ್ದು, ಇದೇ ಸ್ವರ್ಗ, ನಾನು ಹೇಳಿದವರನ್ನು ಕೊಂದು ಬಂದರೆ ಮತ್ತೆ ಇಲ್ಲಿಗೇ ಬರುತ್ತೀರಿ ಎನ್ನುತ್ತಿದ್ದ. ಪರದೆಯ ಮೇಲ್ತುದಿಯಲ್ಲಿ ಹೆಸರು ಮೂಡಿತು: ಅಲಮೂತ.

ಖುರ್ಷಿದಾ ಪಲ್ಯದ ಬುಟ್ಟಿ ಬದಿಗಿಟ್ಟು ಎದ್ದು ಬಂದರು. "ಇದು ನನಗ ಗೊತ್ತೈತಿ. ಇಸ್ಮಾಯಿಲಿ ಪಂಥದವರು. ಹಶೀಶ್ ಅಂದ್ರ ಗಾಂಜಾದ ಅಮಲು ಹತ್ತಿಸಿ ಹುಡುಗ್ರನ್ನ ಕೊಲಿ ಮಾಡಾಕ ಕಳಸ್ತಿದ್ರು. ಮುದುಕ ಕೈ ಸನ್ನಿ ಮಾಡಿದ್ರ ಬುರುಜಿನ ಮ್ಯಾಲಿಂದ ಹಾರಿ ಸಾಯ್ತಿದ್ರು. ಎಷ್ಟ ವರ್ಷ ಸಾಲ್ಯಾಗ ಹೇಳೀನಿ ಈ ಕತಿ."

"ನನಗೂ ಹೇಳಿದ್ದಿ. ಮದುವಿ ಆದ ಹೊಸದಾಗಿ."

"ಗೇಮ್ ಮಾಡಿದವರು ಓದ್ಕೊಂಡಾರ ಮತ್ತ," ಎಂದರು ಖುರ್ಷಿದಾ, ಬುದ್ಧಿವಂತ ವಿದ್ಯಾರ್ಥಿಯ ಉತ್ತರಪತ್ರಿಕೆ ತಿದ್ದಿದವರ ಸಮಾಧಾನದಲ್ಲಿ.

ಅಂದಿನಿಂದ ಅವರೂ ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ಕೂಡತೊಡಗಿದರು. ರೆಹಮಾನ ಸಾಬರು ಕೋಟೆಯ ಒಂದೊಂದೇ ಮೂಲೆ ತಿರುಗುತ್ತಿದ್ದರು; ಖುರ್ಷಿದಾ ಪಕ್ಕದಿಂದ ವಿವರಣೆ ಕೊಡುತ್ತಿದ್ದರು. ಆದರೆ ಕಾಲುವೆಯ ಮನುಷ್ಯನ ಕಣ್ಣು ಕಾಲುವೆಯ ಮನುಷ್ಯನದೇ. ಒಂದು ಮಧ್ಯಾಹ್ನ ಅವರು ಮುಸುಕಿನ ತರುಣನನ್ನು ಕೋಟೆಯ ಅಂಗಳದಲ್ಲಿ ನಿಲ್ಲಿಸಿ, ಕಂಟ್ರೋಲರ್ ತೊಡೆಯ ಮೇಲಿಟ್ಟುಕೊಂಡರು.

"ಟೀಚರಮ್ಮ, ಒಂದ ಮಾತು. ಎರಡ ದಿನದಿಂದ ತಿರಗಾಕ ಹತ್ತೀನಿ. ಇಲ್ಲೆ ನಾಕುನೂರು ಮಂದಿ ಅದಾರ. ಬಾವಿ ಇಲ್ಲ, ಕೆರಿ ಇಲ್ಲ. ಇಷ್ಟ ಎತ್ತರದ ಗುಡ್ಡದ ಮ್ಯಾಲ ನೀರ ಎಲ್ಲಿಂದ ಬರ್ತಿತ್ತು?"

ಖುರ್ಷಿದಾ ಕುರ್ಚಿಯನ್ನು ಪರದೆಯ ಹತ್ತಿರ ಎಳೆದರು. ಹಾಗೆ ನೋಡಿದರೆ ಅಡಿಗೆಮನೆಯೂ ಇರಲಿಲ್ಲ. ಹೆಂಗಸರಿರಲಿಲ್ಲ, ಮಕ್ಕಳಿರಲಿಲ್ಲ, ನಮಾಜು ಮಾಡುವವರೂ ಇರಲಿಲ್ಲ. ಬರೀ ಹೊಗೆ ಮತ್ತು ಚೂರಿ. ಮೂವತ್ತು ವರ್ಷ ಹೇಳಿದ ಕತೆಯಲ್ಲಿ ಅಲ್ಲಿಯವರು ಏನು ಕುಡಿದರು, ಏನು ಉಂಡರು ಎಂದು ಅವರು ಒಮ್ಮೆಯೂ ಯೋಚಿಸಿರಲಿಲ್ಲ.

"ನೋಡಿ ಹೇಳ್ತೀನಿ ತಗೋರಿ," ಎಂದರು.

ಸಂಜೆ ಮುಬಾಶಿರಾ ಬಂದಾಗ ಅವಳಿಗೆ ಕೆಲಸ ಕಾದಿತ್ತು. ಅವಳು ವಿಶ್ವವಿದ್ಯಾಲಯಗಳ ಪಂಡಿತರು ಬರೆದ ನಾಲ್ಕಾರು ಲೇಖನ ಹುಡುಕಿ, ಮರುದಿನ ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದಳು. ನೂರಾಹತ್ತು ಹಾಳೆ, ಎಲ್ಲ ಇಂಗ್ಲಿಷು. ಖುರ್ಷಿದಾ ಕನ್ನಡ ಮಾಧ್ಯಮದಲ್ಲಿ ಓದಿ ಕನ್ನಡ ಮಾಧ್ಯಮದಲ್ಲಿ ಕಲಿಸಿದವರು. ಹಳೆಯ ನಿಘಂಟು ಪಕ್ಕಕ್ಕಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ಅಡಿಗೆಮನೆಯ ಕಟ್ಟೆಗೆ ಒರಗಿ ಓದಲು ಕೂತರು. ಅನ್ನ ಎರಡು ಸಲ ತಳ ಹಿಡಿಯಿತು. ರೆಹಮಾನ ಸಾಬರು ತಳದ ಅನ್ನವನ್ನೂ ಮಾತಾಡದೆ ಉಂಡರು, ಯಾಕೆಂದರೆ ನೀರಿನ ಉತ್ತರ ಅವರಿಗೆ ಬೇಕಾಗಿತ್ತು.

ನೀರಿನ ಉತ್ತರ ಮೂರನೆಯ ದಿನ ಸಿಕ್ಕಿತು. ಖುರ್ಷಿದಾ ಹಾಳೆ ಹಿಡಿದು ಹಾಲಿಗೆ ಬಂದರು.

"ಕೇಳ್ರಿಲ್ಲೆ. ಬಂಡಿಗಲ್ಲನ್ನ ಕಡದು ಕಾಲುವಿ ಮಾಡಿದ್ರಂತ. ಝರಿ ನೀರನ್ನ ಅದರಾಗ ಹಾಯಿಸಿ, ಕಲ್ಲಾಗ ಕೊರದ ದೊಡ್ಡ ದೊಡ್ಡ ತೊಟ್ಟಿಯೊಳಗ ತುಂಬಿಸಿ ಇಡ್ತಿದ್ರು. ಕೋಟಿಗೆ ಮುತ್ತಿಗಿ ಬಿದ್ದ್ರೂ ವರ್ಷಗಟ್ಟಲೆ ನಡಿಬೇಕು, ಹಂಗ. ಕೆಳಗಿನ ಕಣಿವ್ಯಾಗ ಹೊಲ ಗದ್ದಿ ಮಾಡಿಸಿದ್ರು. ಇವತ್ತಿಗೂ ಅಲ್ಲೆ ಭತ್ತ ಬೆಳಿತಾರಂತ್ರಿ."

"ಭತ್ತ?" ರೆಹಮಾನ ಸಾಬರು ನೆಟ್ಟಗೆ ಕೂತರು. "ಕಲ್ಲ ಕಡದ ಕಾಲುವಿ, ಗುಡ್ಡದ ಸಂದ್ಯಾಗ ಭತ್ತ. ಅಂದ್ರ ಆನೆಗೊಂದಿನ ಆತಲ್ಲ." ಆನೆಗೊಂದಿಯ ಹಳೆಯ ಕಾಲುವೆ ಎಂದರೆ ಅವರಿಗೆ ತಮ್ಮ ಹಿರಿಯಣ್ಣನಷ್ಟು ಗೌರವ, ಐನೂರು ವರ್ಷ ಕಳೆದರೂ ಅದು ಹರಿಯುವುದನ್ನು ನಿಲ್ಲಿಸಿಲ್ಲ. "ಇವರು ನಮ್ಮ ಇಲಾಖೆಯವರ ಇದ್ದಂಗ ಅದಾರ ಬಿಡು. ಇಂಥವರನ್ನ ಗಾಂಜಾ ಸೇದವರು ಅಂತಾರ. ಅಮಲ್ನ್ಯಾಗ ಇದ್ದಾಂವಾ ಕಾಲುವಿಗೆ ಲೆವೆಲ್ ಹಿಡಿಯಾಕ ಆಗ್ತದೇನು?"

ಖುರ್ಷಿದಾ ಹಾಳೆ ಮಗುಚಿದರು. ಆ ಹಾಳೆಗಳಲ್ಲಿ ಮುಂದೆ ಬರೆದಿದ್ದದ್ದೂ ಅದೇ. ಆ ಜನ ಹಶೀಶ್ ಸೇದುತ್ತಿದ್ದರೆಂದು ಆ ಕಾಲದ ನೆಚ್ಚಬಹುದಾದ ಒಂದೇ ಒಂದು ದಾಖಲೆಯೂ ಇಲ್ಲ. ಅವರ ಬದ್ಧವೈರಿಗಳೂ ಅವರನ್ನು ಧರ್ಮಭ್ರಷ್ಟರು ಎಂದರೇ ಹೊರತು ಅಮಲುಗೋರರೆಂದು ಆರೋಪ ಹೊರಿಸಿ ಬರೆದಿಲ್ಲ. ಹಶೀಶಿ ಎನ್ನುವುದು ಬೀದಿಯ ಬೈಗುಳ. ಕೆಲಸಕ್ಕೆ ಬಾರದ ಪುಂಡ ಎಂಬ ಅರ್ಥದಲ್ಲಿ ಸುನ್ನಿಗಳೂ ಸೇರಿದಂತೆ ಬೇರೆ ಪಂಥದ ಮುಸಲ್ಮಾನರು ಅವರತ್ತ ಎಸೆದದ್ದು. ಅದನ್ನು ಕೇಳಿಸಿಕೊಂಡ ಯುರೋಪಿನ ಯೋಧರು, ಪ್ರವಾಸಿಗಳು ಅದಕ್ಕೊಂದು ಹೊಗೆ ಸೇರಿಸಿದರು, ಒಂದು ತೋಟ ಸೇರಿಸಿದರು, ಬುರುಜಿನಿಂದ ಹಾರುವವರನ್ನು ಸೇರಿಸಿದರು.

ಬೈಗುಳ ನಮ್ಮವರದೇ, ಎಂದುಕೊಂಡರು ಖುರ್ಷಿದಾ. ನಮ್ಮವರು ಎಸೆದದ್ದನ್ನು ಯಾರೋ ದೂರದವರು ಎತ್ತಿಕೊಂಡು ಹೊಳಪು ಕೊಟ್ಟರು. ಅದನ್ನು ನಾನು ಟೀಚರ್ ಟ್ರೇನಿಂಗಿನ ಕಾಲದಲ್ಲಿ ಯಾವುದೋ ವಾರಪತ್ರಿಕೆಯಲ್ಲಿ ಓದಿ, ಇತಿಹಾಸವೆಂದು ಮಕ್ಕಳಿಗೆ ಹಂಚಿದೆ.

ಹಾಗಂತ ಆ ಕೋಟೆಯವರೇನೂ ಕೊಲ್ಲದೆ ಬಿಟ್ಟವರಲ್ಲ. ಅದನ್ನೂ ಖುರ್ಷಿದಾ ಓದಿದರು. ದೊಡ್ಡ ಸೈನ್ಯವಿಲ್ಲದ ಸಣ್ಣ ಗುಂಪು, ತಮ್ಮನ್ನು ಮುಗಿಸಲು ಬಂದ ಮಂತ್ರಿಗಳನ್ನು, ಸರದಾರರನ್ನು ಹಗಲು ಹೊತ್ತಿನಲ್ಲೇ ಚೂರಿಯಿಂದ ತೆಗೆದಿತ್ತು. ಅದನ್ನು ಅವರು ಗಂಡನಿಂದ ಮುಚ್ಚಿಡಲಿಲ್ಲ.

"ಕೊಂದದ್ದು ಖರೆ ಐತ್ರಿ. ಮೊದಲನೇ ಮುಖಂಡ ಮೂವತ್ತನಾಕು ವರ್ಷ ಆ ಕೋಟಿಯೊಳಗ ಇದ್ದ. ಅಷ್ಟೂ ವರ್ಷದಾಗ ಐವತ್ತರ ಸುಮಾರು ಕೊಲಿ ಅಂತ ಬರದಾರ." ಆಮೇಲೆ ಕನ್ನಡಕದ ಮೇಲಿನಿಂದ ಗಂಡನತ್ತ ನೋಡಿದರು. "ನೀವು ನಿನ್ನಿ ಒಂದ ಮಧ್ಯಾಹ್ನಕ್ಕ ಎಷ್ಟ ಮಾಡಿದ್ರಿ?"

ರೆಹಮಾನ ಸಾಬರು ಪರದೆಯ ಮೂಲೆಯಲ್ಲಿದ್ದ ಅಂಕಿ ನೋಡಿದರು. "ಐವತ್ತಾರು," ಎಂದರು ಮೆತ್ತಗೆ.

ಆ ದಿನ ಗಂಡ ಹೆಂಡತಿ ಇಬ್ಬರೂ ಹೊಟ್ಟೆ ತುಂಬ ನಕ್ಕರು. ನಗು ಮುಗಿದ ಮೇಲೆ ಖುರ್ಷಿದಾ ಉಳಿದ ಹಾಳೆಗಳನ್ನು ಓದಲು ಕೂತರು. ಲೇಖನದ ಕೊನೆಯಲ್ಲಿ ಒಂದು ಸಾಲಿತ್ತು: ಈ ಪಂಥದವರು ಇಂದಿಗೂ ಹಲವು ದೇಶಗಳಲ್ಲಿದ್ದಾರೆ, ಭಾರತದಲ್ಲಿ ಅವರಲ್ಲಿ ಬಹಳ ಮಂದಿಯನ್ನು ಖೋಜಾ ಎಂದು ಕರೆಯುತ್ತಾರೆ.

ಖೋಜಾ ಎಂಬ ಶಬ್ದ ಓದಿದ ಕೂಡಲೇ ಅವರಿಗೆ ಮೂರನೆಯ ಬೆಂಚು ಕಂಡಿತು.

ತೊಂಬತ್ತೆಂಟನೆಯ ಇಸವಿ ಇರಬೇಕು. ಒಂಬತ್ತನೆಯ ತರಗತಿ. ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡು, ಅರ್ಧ ಮಕ್ಕಳು ತೂಕಡಿಸುತ್ತಿದ್ದರು. ಎಬ್ಬಿಸಲೆಂದು ಖುರ್ಷಿದಾ ಬೆಟ್ಟದ ಮುದುಕನ ಕತೆ ತೆಗೆದಿದ್ದರು. ತೋಟ, ಹೊಗೆ, ಚೂರಿ. ತರಗತಿ ಕಣ್ಣರಳಿಸಿ ಕೂತಿತ್ತು. ಆಗ ಮೂರನೆಯ ಬೆಂಚಿನಿಂದ ಗುಲ್ಬಾನು ಎದ್ದು ನಿಂತಳು. ಬಸ್ ಸ್ಟ್ಯಾಂಡಿನ ಹತ್ತಿರ ಚಹಾಪುಡಿ ಮಾರುತ್ತಿದ್ದ ಖೋಜಾ ಮನೆಯ ಹುಡುಗಿ. ಎರಡು ಬಿಗಿ ಜಡೆ, ಮಾತು ಕಡಿಮೆ.

"ಟೀಚರ್, ಅವರು ನಮ್ಮ ಮಂದಿ ರಿ. ನಮ್ಮ ದಾದಾ, ಅಪ್ಪಾನ ಅಪ್ಪ, ಹೇಳ್ಯಾರ, ಅವರು ಹಂಗ ಇರಲಿಲ್ಲಂತ."

ತರಗತಿ ನಕ್ಕಿತು. ಖುರ್ಷಿದಾಗೆ ಕತೆಯ ಓಟ ಕಡಿದದ್ದಕ್ಕೆ ಸಿಟ್ಟು ಬಂದಿತ್ತು. "ಇತಿಹಾಸ ಓದಿದಾಕಿ ನಾನೋ, ನಿಮ್ಮ ದಾದಾನೋ?" ಎಂದು ಕೇಳಿದ್ದರು. ಹುಡುಗಿ ಕೂಡಲಿಲ್ಲ. ಕೂಡದೆ ಹೋದದ್ದಕ್ಕೆ, ಹಾಗಾದರೆ ಬೆಂಚಿನ ಮೇಲೆಯೇ ನಿಲ್ಲು ಎಂದಿದ್ದರು. ಅವಳು ಗಂಟೆ ಬಾರಿಸುವವರೆಗೆ ನಿಂತಿದ್ದಳು. ಅದರ ಮರುದಿನದಿಂದ ಹುಡುಗರು ಅವಳನ್ನು ಗಾಂಜಾ ಗುಲ್ಬಾನು ಎಂದು ಕರೆಯತೊಡಗಿದರು. ಖುರ್ಷಿದಾ ಅದನ್ನು ವರಾಂಡದಲ್ಲಿ ಎರಡು ಮೂರು ಸಲ ಕೇಳಿಸಿಕೊಂಡಿದ್ದರು. ಮಕ್ಕಳಾಟ ಎಂದು ಮುಂದೆ ನಡೆದಿದ್ದರು.

ಸಂಜೆಗೆ ಹಾಳೆಗಳನ್ನು ಮಡಿಸಿಟ್ಟು ಎದ್ದರು. ಮಗ್ರಿಬಿನ ನಮಾಜು ಮುಗಿಸಿ ಬಂದು ಗಂಡನ ಪಕ್ಕದಲ್ಲಿ ಕೂತು, ಇದನ್ನೆಲ್ಲ ಹೇಳಿದರು. ರೆಹಮಾನ ಸಾಬರು ಟೀವಿ ಬಂದ್ ಮಾಡಿ ಪೂರ್ತಿ ಕೇಳಿದರು.

"ಮರತಿದ್ದೆ ಅಂತಲ್ರಿ. ನೆನಪಿತ್ತು. ಅದರಾಗ ತಪ್ಪ ಏನೈತಿ ಅಂತ ಗೊತ್ತಿರಲಿಲ್ಲ."

"ಈಗ ಗೊತ್ತಾತಲ್ಲ."

"ಆಕಿ ಎಲ್ಲದಾಳೋ ಏನೋ. ಇಪ್ಪತ್ತಾರ ವರ್ಷ ಆತು."

"ಹುಡುಕು. ನನಗ ಪ್ಲಾಸ್ಟರ್ ಬಿಚ್ಚಲಿ, ಕೂಡೇ ಹೋಗೂಣು."

ಹುಡುಕುವುದು ಕಷ್ಟವಾಗಲಿಲ್ಲ. ಆ ವರ್ಷದ ಬ್ಯಾಚಿನವರದೊಂದು ವಾಟ್ಸಾಪ್ ಗುಂಪಿತ್ತು. ಟೀಚರನ್ನೂ ಅದಕ್ಕೆ ಸೇರಿಸಿಕೊಂಡಿದ್ದರು. ಅದರಲ್ಲಿದ್ದ ಲಲಿತಾ ಈಗ ಯಲಬುರ್ಗಾದಲ್ಲಿ ನರ್ಸು. ಫೋನು ಮಾಡಿದಾಗ ಅವಳೇ ಹೇಳಿದಳು.

"ಗುಲ್ಬಾನು ಏನ್ರಿ? ಕುಷ್ಟಗಿಯೊಳಗ ಬಳಿ ಅಂಗಡಿ ಇಟ್ಟಾಳ್ರಿ ಟೀಚರ್. ಗ್ರೂಪಿಗೆ ಹಾಕಿದ್ವಿ, ಮರುದಿನಾನ ಹೊರಗ ಹೋದ್ಲು. ಯಾಕಂತ ಯಾರೂ ಕೇಳಲಿಲ್ರಿ."

ಪ್ಲಾಸ್ಟರು ಬಿಚ್ಚಿದ ಎಂಟನೆಯ ದಿನ, ಒಂದು ಮಂಗಳವಾರ, ಇಬ್ಬರೂ ಕುಷ್ಟಗಿಯ ಬಸ್ಸು ಹತ್ತಿದರು. ರೆಹಮಾನ ಸಾಬರ ಕೈಯಲ್ಲಿ ಕೋಲು. ಈ ಸಲ ಬಸ್ಸು ನಿಂತು, ಕಂಡಕ್ಟರು ಬಾಗಿಲು ತೆರೆದು, ಉಳಿದವರೆಲ್ಲ ಇಳಿದ ಮೇಲೆ ಇಳಿಯುವುದಾಗಿ ಮಗಳಿಗೆ ಮಾತು ಕೊಟ್ಟಿದ್ದರು. ಗಂಗಾವತಿ ದಾಟುವವರೆಗೆ ರಸ್ತೆಯ ಎರಡೂ ಬದಿ ಎರಡನೆಯ ಬೆಳೆಯ ನಾಟಿ ನಡೆದಿತ್ತು. ಕನಕಗಿರಿ ಕಳೆದು ತಾವರಗೇರಿಯತ್ತ ಹೋಗುತ್ತಿದ್ದ ಹಾಗೆ ನೀರು ಹಿಂದೆ ಉಳಿದು ಕಡಲೆ, ಜೋಳದ ಹೊಲಗಳು ಬಂದವು. ಖುರ್ಷಿದಾ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಅಳಿಸುತ್ತಿದ್ದರು. ರೆಹಮಾನ ಸಾಬರು ಅದನ್ನು ಕಂಡು ಶೇಂಗಾದ ಪೊಟ್ಟಣ ಕೈಗಿಟ್ಟರು.

"ಭಾಷಣ ಮಾಡಬ್ಯಾಡ. ತಪ್ಪಾತು ಅನ್ನು. ಅಷ್ಟ ಸಾಕು."

ಗುಲ್ಬಾನುವಿನ ಅಂಗಡಿ ಬಜಾರಿನ ಒಳಸಾಲಿನಲ್ಲಿತ್ತು. ಗೋಡೆ ತುಂಬ ಗಾಜಿನ ಬಳೆಗಳ ಸಾಲು, ಕೆಳಗೆ ಒಂದು ಮೆತ್ತೆ. ನಲವತ್ತರ ಹೆಂಗಸು ಒಬ್ಬಳು ಯಾವುದೋ ಮದುಮಗಳ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ಜಡೆ ಒಂದೇ ಆಗಿತ್ತು. ಆದರೆ ತುಟಿ ಬಿಗಿಹಿಡಿದು ಕೆಲಸ ಮಾಡುವ ರೀತಿ ಹಾಗೆಯೇ ಇತ್ತು. ಮದುಮಗಳು ಎದ್ದು ಹೋದ ಮೇಲೆ ಅವಳು ತಲೆ ಎತ್ತಿದಳು.

"ಬರ್ರಿ ಅಮ್ಮಾರ. ಯಾವ ಬಣ್ಣ ತೋರಿಸ್ಲಿ?" ಎಂದವಳು ಅಲ್ಲಿಗೇ ನಿಂತಳು. "ಖುರ್ಷಿದಾ ಟೀಚರಲ್ರಿ?"

"ಹೌದವ್ವ. ಇವರು ನಮ್ಮ ಮನಿಯವರು."

ಗುಲ್ಬಾನು ರೆಹಮಾನ ಸಾಬರಿಗೆ ಸ್ಟೂಲು ಕೊಟ್ಟು, ಎದುರಿನ ಹೋಟೆಲಿಗೆ ಕೂಗಿ ಮೂರು ಚಹಾ ಹೇಳಿದಳು. ಟೀಚರನ್ನು ಮೆತ್ತೆಯ ಮೇಲೆ ಕೂಡಿಸಿ, ರೂಢಿಯಂತೆ ಅವರ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು ಅಳತೆ ನೋಡಿದಳು. "ಎರಡೂಕಾಲು ರಿ. ಕೈ ಸಣ್ಣದು." ನೀಲಿ ಬಳೆಗಳನ್ನು ತೆಗೆದು ಒಂದೊಂದೇ ಏರಿಸತೊಡಗಿದಳು. ಕೈ ಅವಳ ಹಿಡಿತದಲ್ಲಿದ್ದಾಗಲೇ ಖುರ್ಷಿದಾ ಮಾತು ತೆಗೆದರು. ಇಲ್ಲವಾದರೆ ಆಗುವುದಿಲ್ಲ ಎನಿಸಿತ್ತು.

"ಗುಲ್ಬಾನು, ನಿನಗ ಒಂದ ಸಲ ಬೆಂಚಿನ ಮ್ಯಾಲ ನಿಲ್ಲಿಸಿದ್ದೆ. ಅಲಮೂತದ ಕತಿ ಹೇಳಿದಾಗ. ನೆನಪೈತೇನು?"

ಬಳೆ ಏರಿಸುತ್ತಿದ್ದ ಬೆರಳು ನಿಂತಿತು. "ಐತ್ರಿ."

"ನಾ ಹೇಳಿದ್ದು ತಪ್ಪಿತ್ತು. ನಿಮ್ಮ ದಾದಾ ಹೇಳಿದ್ದು ಖರೆ ಇತ್ತು. ಈಗ ಓದೀನಿ. ತಪ್ಪಾತವ್ವ ನಂದು."

ಗುಲ್ಬಾನು ಉಳಿದ ಬಳೆಗಳನ್ನು ಏರಿಸಿ ಮುಗಿಸಿದಳು. ಚಹಾ ಬಂತು. ಮೂವರೂ ಒಂದೊಂದು ಗುಟುಕು ಕುಡಿದರು.

"ಆವತ್ತು ಮನಿಗೆ ಹೋಗಿ ದಾದಾನ ಕೂಡ ಜಗಳಾ ಮಾಡಿದ್ನಿರಿ," ಎಂದಳು ನಿಧಾನವಾಗಿ. "ಸುಳ್ಳ ಹೇಳ್ಕೊಟ್ಟು ನನಗ ಬೆಂಚ್ ಹತ್ತಿಸಿದಿ ಅಂತ. ದಾದಾ ಏನೂ ಅನ್ನಲಿಲ್ಲ. ಅಂಗಡಿಗೆ ಹೋಗಿ ಕುಂತ್ರು. ಮುಂದ ಎರಡ ವರ್ಷಕ್ಕ ತೀರಿಕೊಂಡ್ರು. ಅವರಿಗೆ ನಾ ತಪ್ಪಾತು ಅನ್ನಾಕ ಆಗಲಿಲ್ಲ ನೋಡ್ರಿ, ಅದು ಭಾಳ ದಿನ ಕಾಡ್ತು. ನಿಮ್ಮ ಮ್ಯಾಲ ಸಿಟ್ಟಿತ್ತು. ಇಲ್ಲ ಅನ್ನಂಗಿಲ್ಲ."

ಖುರ್ಷಿದಾಗೆ ಇದು ಗೊತ್ತಿರಲಿಲ್ಲ. ತಾವು ಒಬ್ಬಳಿಗೆ ಅನ್ಯಾಯ ಮಾಡಿದ್ದೇವೆಂದು ಬಂದಿದ್ದರು, ಅದು ಇಬ್ಬರಿಗೆ ಆಗಿತ್ತು. ರೆಹಮಾನ ಸಾಬರು ಕೋಲು ಗೋಡೆಗೆ ಒರಗಿಸಿ, ಮಾತು ತಾವು ಎತ್ತಿಕೊಂಡರು.

"ಇದೆಲ್ಲಾ ಶುರು ಮಾಡಿದ್ದು ನಾನವ್ವ. ಕಾಲು ಮುರಕೊಂಡು ಗೇಮ್ ಆಡ್ಕೋತ ಕುಂತಿದ್ದೆ. ನಿಮ್ಮ ಕೋಟಿ ಬಂತು ಅದರಾಗ. ನೀರಿನ ವ್ಯವಸ್ಥಾ ತೋರಿಸಿರಲಿಲ್ಲ, ಅದಕ್ಕ ಕೇಳಿದೆ."

ಗುಲ್ಬಾನುವಿನ ಮುಖದಲ್ಲಿ ಮೊದಲ ಸಲ ನಗೆ ಕಾಣಿಸಿತು. "ನೀವೂ ಆಡ್ತೀರೇನ್ರಿ ಅದನ್ನ? ನನ್ನ ಮಗಳೂ ಆಡ್ತಾಳ. ಪೀಯೂಸಿ. ಆ ಕೋಟಿ ಹೆಸರು ಬಂದ ದಿನ ಮನಿ ತುಂಬ ಕುಣದಾಡಿದ್ಲು. ಅಮ್ಮೀ ನಮ್ಮ ಕೋಟಿ, ಅಮ್ಮೀ ನಮ್ಮ ಕೋಟಿ ಅಂತ."

"ಆಕಿಗೆ ಬ್ಯಾಸರ ಆಗಲಿಲ್ಲೇನು? ಎಲ್ಲಾ ಸುಳ್ಳ ತೋರಸ್ಯಾರಲ್ಲ," ಎಂದರು ಖುರ್ಷಿದಾ.

"ನಾನೂ ಅದನ್ನ ಕೇಳಿದ್ನಿರಿ. ಆಕಿ ಅಂದ್ಲು, ಅಮ್ಮೀ, ಇದು ಆಟ, ಕತ್ತಿ ಹಿಡದಾಂವಾ ಗ್ವಾಡಿ ಮ್ಯಾಲ ಓಡ್ತಾನ, ಯಾರ ನಂಬ್ತಾರ ಇದನ್ನ. ಆದ್ರ ಈಗ ಗೆಳತ್ಯಾರು ಕೇಳ್ತಾರ ನಿಮ್ಮ ಮಂದಿ ಯಾರು ಅಂತ, ನಾ ಹೇಳ್ತೀನಿ ಅಂದ್ಲು." ಗುಲ್ಬಾನು ಚಹಾದ ಲೋಟ ಕೆಳಗಿಟ್ಟಳು. "ಖರೇನ ಹೇಳ್ತೀನ್ರಿ ಟೀಚರ್. ಆ ಗೇಮೂ ಸುಳ್ಳ ಹೇಳ್ತೈತಿ. ಆದ್ರ ಅದು ಯಾರನ್ನೂ ಬೆಂಚಿನ ಮ್ಯಾಲ ನಿಲ್ಲಸಂಗಿಲ್ಲ."

ಗಿರಾಕಿಯೊಬ್ಬಳು ಬಂದು ಪಿನ್ನು ಕೊಂಡು ಹೋದಳು. ಗುಲ್ಬಾನು ಮತ್ತೆ ಎದುರು ಬಂದು ಕೂತಳು.

"ನನಗ ಬಂದು ಹೇಳಿದ್ರಿ, ಛಲೋ ಆತ್ರಿ. ಆದ್ರ ನನಗ ಅದು ಗೊತ್ತಿತ್ತು. ಗೊತ್ತಿಲ್ದವರು ಉಳದ ಐವತ್ತೊಂದು ಮಂದಿ. ಅವರು ಇವತ್ತಿಗೂ ತಮ್ಮ ಮಕ್ಕಳಿಗೆ ಅದ ಕತಿ ಹೇಳ್ತಿರಬೇಕು. ನೀವು ಭಾಳ ಛಲೋ ಹೇಳ್ತಿದ್ರಿ ರಿ, ಮರಿಯಂಗಿಲ್ಲ ಅದು."

ಖುರ್ಷಿದಾ ಕೈಚೀಲದಿಂದ ಫೋನು ತೆಗೆದರು. ಬ್ಯಾಚಿನ ಗುಂಪಿನಲ್ಲಿ ಅವರು ಇದುವರೆಗೆ ಹಬ್ಬದ ಶುಭಾಶಯ ಬಿಟ್ಟರೆ ಏನೂ ಹಾಕಿದವರಲ್ಲ. ಧ್ವನಿ ಕಳಿಸುವ ಗುಂಡಿಯನ್ನು ಗುಲ್ಬಾನುವೇ ತೋರಿಸಿಕೊಟ್ಟಳು. ಬಳೆ ಅಂಗಡಿಯ ಮೆತ್ತೆಯ ಮೇಲೆ ಖುರ್ಷಿದಾ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡರು.

"ಎಲ್ಲಾರೂ ಕೇಳ್ರಿ. ನಾ ಖುರ್ಷಿದಾ ಟೀಚರ್. ಒಂಬತ್ತನೇ ಕ್ಲಾಸಿನ್ಯಾಗ ನಿಮಗೊಂದು ಪಾಠ ತಪ್ಪು ಹೇಳಿದ್ದೆ, ಇವತ್ತು ತಿದ್ದಾಕ ಹತ್ತೀನಿ," ಎಂದು ಸುರುಮಾಡಿದರು. ಪರ್ಷಿಯಾದ ಬೆಟ್ಟ ಎಲ್ಲಿದೆ, ಆ ಪಂಥ ಯಾವುದು, ಅವರಿಗೆ ಯಾರು ವೈರಿಗಳು, ಯಾಕೆ ವೈರಿಗಳು ಎಂದು ಹೇಳಿದರು. ಚೂರಿಯ ಮಾತನ್ನು ಬಿಡಲಿಲ್ಲ. ಹೊಗೆಯ ಮಾತು ಹೇಗೆ ಹುಟ್ಟಿತೆಂಬುದನ್ನೂ ಬಿಡಲಿಲ್ಲ; ಆ ಬೈಗುಳವನ್ನು ಮೊದಲು ಬೈದವರು ನಮ್ಮಂಥವರೇ ಎಂದರು. ಕಲ್ಲಿನ ಕಾಲುವೆಯ ಸುದ್ದಿ ಬಂದಾಗ ರೆಹಮಾನ ಸಾಬರು ಪಕ್ಕದಿಂದ "ಭತ್ತ, ಭತ್ತ" ಎಂದು ಪಿಸುಗುಟ್ಟಿದರು. ಅದೂ ಧ್ವನಿಯಲ್ಲಿ ಸೇರಿಕೊಂಡಿತು. ಆ ಕೋಟೆಯಲ್ಲಿ ದೊಡ್ಡ ಗ್ರಂಥಾಲಯವಿತ್ತು, ನಕ್ಷತ್ರ ಅಳೆಯುವ ವಿದ್ವಾಂಸರು ಅಲ್ಲಿ ವರ್ಷಗಟ್ಟಲೆ ಕೂತು ಬರೆದರು, ಮಂಗೋಲರು ಬಂದಾಗ ಆ ಪುಸ್ತಕಗಳನ್ನು ಸುಟ್ಟರು, ಅದಕ್ಕೇ ಅವರ ಸುದ್ದಿಯನ್ನು ನಾವು ಅವರ ವೈರಿಗಳ ಬಾಯಿಂದ ಕೇಳಬೇಕಾಯಿತು ಎಂದರು. ಕೊನೆಗೆ, "ಆವತ್ತು ತರಗತಿಯೊಳಗ ಖರೆ ಹೇಳಿದಾಕಿ ಒಬ್ಬಾಕಿ ಇದ್ದಳು. ಗುಲ್ಬಾನು. ಆಕಿನ್ನ ನಾ ಶಿಕ್ಷಾ ಮಾಡಿದೆ, ನೀವು ಹೆಸರಿಟ್ಟ್ರಿ," ಎಂದು ಮುಗಿಸಿದರು.

ಹನ್ನೊಂದು ನಿಮಿಷವಾಗಿತ್ತು. ಅಂಗಡಿಯ ಮುಂದೆ ಬಳೆ ಕೊಳ್ಳಲು ಬಂದಿದ್ದ ಮೂವರು ಹೆಂಗಸರು ನಿಂತು ಪೂರ್ತಿ ಕೇಳಿದ್ದರು. ಅವರಲ್ಲೊಬ್ಬಳು, "ಪುಸ್ತಕ ಸುಟ್ಟದ್ದು ಬರೋಬರಿ ಅಲ್ಲ ಬಿಡ್ರಿ," ಎಂದಳು.

ಉತ್ತರಗಳು ಬರಲು ಅರ್ಧ ತಾಸು ಹಿಡಿಯಿತು. ಪಾಠ ಕೇಳಿ ಮುಗಿಸಬೇಕಲ್ಲ. ಮೊದಲು ಲಲಿತಾ ಕೈಮುಗಿದ ಚಿತ್ರ ಹಾಕಿದಳು. ಆಮೇಲೆ ಹತ್ತು ಹನ್ನೆರಡು ಮಂದಿ. ಆಮೇಲೆ ರುದ್ರೇಶ ಬರೆದ. ಕೊಪ್ಪಳದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟುಕೊಂಡಿರುವ ಅವನು ಆಗ ಕೊನೆಯ ಬೆಂಚಿನ ಹುಡುಗ. 'ಟೀಚರ್, ಹೆಸರು ಇಟ್ಟಾಂವ ನಾನ. ಆಕಿ ನಂಬರ್ ಕೊಡ್ರಿ.' ಖುರ್ಷಿದಾ ಗುಲ್ಬಾನುವಿನ ಮುಖ ನೋಡಿದರು. ಅವಳು ತಲೆಯಾಡಿಸಿದ ಮೇಲೆ ಕೊಟ್ಟರು.

ಫೋನು ಬಂದಾಗ ಗುಲ್ಬಾನು ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿ ಮಾತಾಡಿದಳು. ಏನು ಮಾತಾಯಿತೆಂಬುದು ಇವರಿಗೆ ಕೇಳಲಿಲ್ಲ. ಬರುವಾಗ ಮಾತ್ರ ಕೊನೆಯ ತುಣುಕು ಕೇಳಿಸಿತು: "ಹಂಗ ಬರೀ ಕೈಲೆ ಬರಬ್ಯಾಡೋ ಮಾರಾಯಾ. ನಿನ್ನ ಹೆಂಡ್ತಿನ್ನ ಕರ್ಕೊಂಡ ಬಾ, ಎರಡೂ ಕೈತುಂಬ ಬಳಿ ಇಡಸ್ತೀನಿ." ಕಣ್ಣಂಚು ಒರೆಸಿಕೊಂಡು ಬಂದವಳು, ಟೀಚರು ತೆರೆದ ಪರ್ಸನ್ನು ಕೈಯಿಂದಲೇ ಮುಚ್ಚಿದಳು. ಊಟ ಮಾಡಿಸದೆ ಬಿಡಲಿಲ್ಲ. ಮನೆಯಲ್ಲಿ ಅವಳ ಮಗಳು ರೆಹಮಾನ ಸಾಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕೋಟೆಯ ಉತ್ತರದ ಗೋಡೆಯ ಕೆಳಗೆ ಒಂದು ಗುಪ್ತ ಬಾಗಿಲಿದೆ ಎಂದು ತೋರಿಸಿಕೊಟ್ಟಳು. ಅದರೊಳಗೆ ಒಂದು ಸಣ್ಣ ನೀರಿನ ತೊಟ್ಟಿ ಇತ್ತು. ರೆಹಮಾನ ಸಾಬರು ಅದನ್ನು ಬಹಳ ಹೊತ್ತು ನೋಡಿ, "ಇಷ್ಟ ನೀರು ಎಂಟ ದಿನಕ್ಕ ಸಾಲಂಗಿಲ್ಲವ್ವ," ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ಖುರ್ಷಿದಾ ಕಿಟಕಿಗೆ ತಲೆಯಾನಿಸಿ ಕೂತಿದ್ದರು. ತಾವರಗೇರಿ ಸಮೀಪಿಸುತ್ತಿದ್ದಾಗ ಫೋನು ಸದ್ದು ಮಾಡಿತು. ಗುಲ್ಬಾನು ಮತ್ತೆ ಗುಂಪಿಗೆ ಸೇರಿದ್ದಳು, ಆದರೆ ಈ ಮಾತನ್ನು ಗುಂಪಿನಲ್ಲಿ ಹಾಕದೆ ಟೀಚರಿಗೆ ಒಬ್ಬರಿಗೇ ಕಳಿಸಿದ್ದಳು.

'ಟೀಚರ್, ಲಲಿತಾ ಪಾಠ ಕಳಿಸಿದ್ಲು, ಮತ್ತೊಮ್ಮೆ ಕೇಳಿದೆ. ಛಲೋ ಐತಿ. ಒಂದ ತಪ್ಪೈತ್ರಿ. ಮೊದಲಿಂದ ಕೊನಿತನಕ ಅವರು ಇದ್ದರು, ಇದ್ದರು ಅಂದೀರಿ. ನಾವು ಇನ್ನೂ ಅದೀವಿ.'

ಖುರ್ಷಿದಾ ಅದನ್ನು ಎರಡು ಸಲ ಓದಿ ಗಂಡನ ಕೈಗೆ ಕೊಟ್ಟರು. ಅವರು ದೂರ ಹಿಡಿದು ಓದಿ, ಫೋನನ್ನು ಹಿಂದಕ್ಕೆ ಕೊಡುತ್ತ, "ತಿದ್ದು ಮತ್ತ," ಎಂದರು.

ಬಸ್ಸು ಸ್ಟ್ಯಾಂಡಿಗೆ ಬಂದು ನಿಂತಿತು. ಕಿಟಕಿಯ ಕೆಳಗೆ ಮಂಡಕ್ಕಿ ಮಾರುವವನ ಕೂಗು, ಹಿಂದಿನ ಸೀಟಿನಲ್ಲಿ ಕೂಸಿನ ಅಳು. ಖುರ್ಷಿದಾ ಬ್ಯಾಚಿನ ಗುಂಪು ತೆರೆದು, ಸೆರಗನ್ನು ಫೋನಿಗೆ ಅಡ್ಡ ಹಿಡಿದು, ಗುಂಡಿ ಒತ್ತಿ, ತಿದ್ದುಪಡಿಯ ಒಂದೇ ವಾಕ್ಯ ಹೇಳಿದರು. ಕೂಗಿನಲ್ಲಿ ಅದು ಮುಳುಗಿಹೋಯಿತು. ಅದನ್ನು ಅಳಿಸಿದರು. ಬಸ್ಸು ಊರು ಬಿಟ್ಟು, ಹೊಲಗಳ ನಡುವಿನ ರಸ್ತೆಗೆ ಬಿದ್ದು, ಸದ್ದು ಒಂದು ಹದಕ್ಕೆ ಬರುವವರೆಗೆ ಕಾದು, ಇನ್ನೊಮ್ಮೆ ಹೇಳಿದರು.